ಪ್ಯಾಸೆಂಜರ್ ಯಾವಾಗ ಶುರು ಆಗ್ತದ್ರೀ?

2020ರ ಜೂನ್ 1ರಿಂದ 200 ರೈಲುಗಳು ಓಡುತ್ತವೆ ಎಂದು ರೈಲ್ವೆ ಪಟ್ಟಿ ಕೊಟ್ಟಿತು. ಕೊರೊನಾದಿಂದಾಗಿ ಎರಡು ತಿಂಗಳಿಂದ ಹಳಿ ಮೇಲೆ ಗೂಡ್ಸ್ ಗಾಡಿ ಬಿಟ್ಟರೆ ಹೆಚ್ಚೇನೂ ಕಾಣದ ಕಲಬುರಗಿಯಲ್ಲಿ ಆ ಪಟ್ಟಿ ವಾಟ್ಸಾಪ್‌ನಲ್ಲಿ ಮನೆಮನೆ ಸುತ್ತಿತು. ಎಲ್ಲರೂ ಅದರಲ್ಲಿ ನಮ್ಮ ಕಡೆಯ ಗಾಡಿ ಹುಡುಕಿದರು. ಮುಂಬೈ–ಬೆಂಗಳೂರು ಉದ್ಯಾನ್ ಇತ್ತು. ಮುಂಬೈ–ಹೈದರಾಬಾದ್ ಹುಸೇನ್‌ಸಾಗರ್ ಇತ್ತು. ಭುವನೇಶ್ವರಕ್ಕೆ ಹೋಗುವ ಕೋಣಾರ್ಕ್ ಇತ್ತು. ಆದರೆ ಸ್ಟೇಷನ್ ಹೊರಗಿನ ಆಟೊ ಸ್ಟ್ಯಾಂಡಿನಲ್ಲಿ, ತರಕಾರಿ ಮಾರುಕಟ್ಟೆಯಲ್ಲಿ ಜನ ಕೇಳುತ್ತಿದ್ದ ಪ್ರಶ್ನೆ ಬೇರೆಯೇ ಇತ್ತು. "ಪ್ಯಾಸೆಂಜರ್ ಯಾವಾಗ ಶುರು ಆಗ್ತದ್ರೀ?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಪಟ್ಟಿಯಲ್ಲಿ ಒಂದೂ ಪ್ಯಾಸೆಂಜರ್ ಗಾಡಿ ಇರಲಿಲ್ಲ.

ಸಾಂಕ್ರಾಮಿಕ ರೋಗದ ಕಾಲದಲ್ಲಿ ರೈಲು ಪ್ರಯಾಣ ಹೇಗಿರಬೇಕು ಎಂದು ಮಾತು ಶುರುವಾದರೆ ಅದು ಎಸಿ ಕೋಚು, ಕೈ ತಾಗಿಸದ ನಲ್ಲಿ, ಮೊಬೈಲ್ ಟಿಕೆಟ್ ಕಡೆಗೇ ಹೋಗುತ್ತದೆ. ಅವೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ನಾನು ಈ ವಿಷಯವನ್ನು ಜನರಲ್ ಡಬ್ಬಿಯ ಬಾಗಿಲಿನಿಂದ ನೋಡುವವಳು. ಅಲ್ಲಿಂದ ನೋಡಿದರೆ ಕಾಣುವುದು ಒಂದೇ. ರೋಗ ಬಂದಾಗ ಮೊದಲು ನಿಂತದ್ದು ನಮ್ಮ ಗಾಡಿ, ಎಲ್ಲದಕ್ಕಿಂತ ಕೊನೆಗೆ ವಾಪಸ್ ಬಂದದ್ದೂ ನಮ್ಮ ಗಾಡಿ. ಮುಂದಿನ ಸಲ ಹೀಗಾಗಬಾರದು.

ನಾನು ಕಲಬುರಗಿಯಲ್ಲಿದ್ದು ಯಾದಗಿರಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ನಮ್ಮ ಕಡೆ ಇದಕ್ಕೆ ಅಪ್‌ಡೌನ್ ಮಾಡೋದು ಅಂತಾರೆ. ನಡುವೆ ಇರುವುದು ಸುಮಾರು 75 ಕಿಲೋಮೀಟರ್. ಶಹಾಬಾದ್, ವಾಡಿ, ನಾಲವಾರ ದಾಟಿದರೆ ಯಾದಗಿರಿ. ಈ ದಾರಿಯಲ್ಲಿ ನನ್ನಂಥವರು ಬಹಳ ಜನ. ಶಾಲೆಯ ಅಕ್ಕೋರು, ಬ್ಯಾಂಕಿನವರು, ಕೋರ್ಟಿನ ಗುಮಾಸ್ತರು, ನರ್ಸ್‌ಗಳು, ಐಟಿಐ ಹುಡುಗರು. ಎಲ್ಲರ ಕೈಯಲ್ಲೂ ತಿಂಗಳ ಪಾಸ್. ಅದೇ ಡಬ್ಬಿಯಲ್ಲಿ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರು, ಶಹಾಬಾದಿನ ಕಲ್ಲಿನ ಗಣಿ ಕಡೆಯವರು, ಸೊಪ್ಪಿನ ಗಂಟು, ಪೇರಲ ಹಣ್ಣಿನ ಬುಟ್ಟಿ ಹೊತ್ತವರು. ಸೊಲ್ಲಾಪುರದ ಕಡೆ ಹೋಗುವ ಗಾಡಿಯಾದರೆ ಅಲ್ಲಿನ ಆಸ್ಪತ್ರೆಗೆ ಹೊರಟ ರೋಗಿಗಳು. ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ದತ್ತನ ದರ್ಶನ ಮುಗಿಸಿ ಹತ್ತುವ ಮರಾಠಿ ಮಂದಿ. ಬಂದೇನವಾಜ್ ದರ್ಗಾಕ್ಕೆ ಬರುವವರು. ಇವರಲ್ಲಿ ಯಾರೂ ತಿಂಗಳ ಮುಂಚೆ ಟಿಕೆಟ್ ಬುಕ್ ಮಾಡಿ ಹೊರಡುವವರಲ್ಲ. ಬೆಳಗ್ಗೆ ಎದ್ದು, ರೊಟ್ಟಿ ಕಟ್ಟಿಕೊಂಡು, ಕೌಂಟರಿನಲ್ಲಿ ಚಿಲ್ಲರೆ ಕೊಟ್ಟು ಹತ್ತುವವರು.

ಇದು ಇತ್ತೀಚಿನ ರೂಢಿಯಲ್ಲ. ಮುಂಬೈಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಶುರುವಾದದ್ದು 1874ರಲ್ಲಿ. ಆಗಿನಿಂದ ಕಲಬುರಗಿ, ಯಾದಗಿರಿ, ಬೀದರ್ ಈ ನಮ್ಮ ಮೂರು ಜಿಲ್ಲೆಗಳ ಬದುಕು ಮುಂಬೈ, ಪುಣೆ, ಸೊಲ್ಲಾಪುರ, ಹೈದರಾಬಾದಿನ ಜೊತೆ ಹಳಿಯಿಂದಲೇ ಕಟ್ಟಿಕೊಂಡಿದೆ. ಬೆಂಗಳೂರು ನಮಗೆ ಯಾವತ್ತೂ ದೂರವೇ. ಬೀದರಿನವರಿಗೆ ಕಲಬುರಗಿಗೆ ನೇರ ರೈಲು ಸಿಕ್ಕಿದ್ದು 2017ರ ಅಕ್ಟೋಬರ್ 29ರಂದು. 110 ಕಿಲೋಮೀಟರಿನ ಆ ದಾರಿಗೆ ಮಂಜೂರಾತಿ ಸಿಕ್ಕಿ ಸುಮಾರು 20 ವರ್ಷ ಆಗಿತ್ತು. ಅಷ್ಟು ಕಾದು ಪಡೆದ ಬೀದರ್–ಕಲಬುರಗಿ ಗಾಡಿ ಎರಡೂವರೆ ವರ್ಷ ಓಡುವಷ್ಟರಲ್ಲಿ ಕೊರೊನಾ ಬಂತು.

ಕೊರೊನಾದ ಮಾತು ಬಂದರೆ ಕಲಬುರಗಿಯ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ದೇಶದಲ್ಲಿ ಈ ರೋಗದಿಂದ ಮೊದಲ ಸಾವು ಆದದ್ದು ನಮ್ಮ ಊರಿನವರದು, 2020ರ ಮಾರ್ಚ್ 10ರಂದು. ಅದು ಕೊರೊನಾ ಎಂದು ಗೊತ್ತಾದದ್ದು ಎರಡು ದಿನ ಬಿಟ್ಟು. ಆ ವಾರದ ಹೆದರಿಕೆ ನೆನೆದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಬೆಂಗಳೂರಿನ ಗೆಳತಿಯರು ಫೋನ್ ಮಾಡಿ "ನೀವೆಲ್ಲ ಅಲ್ಲಿ ಹೇಗಿದ್ದೀರಿ" ಎಂದು ಕೇಳುತ್ತಿದ್ದರು. ದೂರದ ಯಾವುದೋ ಯುದ್ಧಭೂಮಿಯ ಬಗ್ಗೆ ಕೇಳುವ ದನಿ ಅದು. ಹಾಗಾಗಿ ರೈಲು ನಿಲ್ಲಿಸಿ ಎಂದು ಆಗ ಜೋರಾಗಿ ಹೇಳಿದವರಲ್ಲಿ ನಮ್ಮ ಊರಿನವರೂ ಇದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೆದರಿಕೆ ನಿಜವಾಗಿತ್ತು.

ಮಾರ್ಚ್ 22ರ ಜನತಾ ಕರ್ಫ್ಯೂ ದಿನದಿಂದ ಪ್ರಯಾಣಿಕರ ರೈಲುಗಳು ನಿಂತವು. 1853ರಲ್ಲಿ ಶುರುವಾದ ಭಾರತದ ಪ್ರಯಾಣಿಕರ ರೈಲು ದೇಶದ ತುಂಬ ಹೀಗೆ ನಿಂತದ್ದು ಅದೇ ಮೊದಲು. ಮಾರ್ಚ್ 24ರ ರಾತ್ರಿ 8 ಗಂಟೆಗೆ ಲಾಕ್‌ಡೌನ್ ಘೋಷಣೆ ಆಯಿತು, ಮಧ್ಯರಾತ್ರಿಯಿಂದ ಜಾರಿ. ಅಷ್ಟು ಹೊತ್ತಿಗೆ ಗಾಡಿಗಳು ನಿಂತು ಎರಡು ದಿನ ಆಗಿತ್ತು. ಊರಿಗೆ ಹೋಗಬೇಕು ಅಂದುಕೊಂಡವರಿಗೆ ಹೋಗಲು ಏನೂ ಉಳಿದಿರಲಿಲ್ಲ.

ಇಲ್ಲಿ ಗುಳೆಯ ವಿಷಯ ಹೇಳಲೇಬೇಕು. ತೊಗರಿ ರಾಶಿ ಮುಗಿದ ಮೇಲೆ ನಮ್ಮ ಜಿಲ್ಲೆಗಳ ಹಳ್ಳಿ, ತಾಂಡಾಗಳಿಂದ ಸಾವಿರಾರು ಕುಟುಂಬಗಳು ಗುಳೆ ಹೋಗುತ್ತವೆ. ಮುಂಬೈ, ಪುಣೆಯ ಕಟ್ಟಡದ ಕೆಲಸ, ಹೈದರಾಬಾದಿನ ಸೆಂಟ್ರಿಂಗ್ ಕೆಲಸ, ಬೆಂಗಳೂರಿನ ರಸ್ತೆ ಕೆಲಸ. ಗಂಡ, ಹೆಂಡತಿ, ಮಕ್ಕಳು, ಹಿಟ್ಟಿನ ಚೀಲ, ಪಾತ್ರೆ ಎಲ್ಲ ಜನರಲ್ ಡಬ್ಬಿಯಲ್ಲೇ ಹೋಗುವುದು. ಮಳೆ ಶುರುವಾಗುವ ಹೊತ್ತಿಗೆ ಅದೇ ಡಬ್ಬಿಯಲ್ಲಿ ವಾಪಸ್. ಮಾರ್ಚ್ ತಿಂಗಳು ಅಂದರೆ ಎಲ್ಲರೂ ಹೊರಗೇ ಇರುವ ಕಾಲ.

ಮಾರ್ಚ್ 22ರಂದು ಇಡೀ ಮಹಾರಾಷ್ಟ್ರದಲ್ಲಿ ಪತ್ತೆಯಾದ ಸೋಂಕಿತರು ನೂರು ಜನ ಇರಲಿಲ್ಲ. ಮೇ ಮಧ್ಯದ ಹೊತ್ತಿಗೆ ಮುಂಬೈ ಒಂದರಲ್ಲೇ 15 ಸಾವಿರ ದಾಟಿತ್ತು. ನಮ್ಮ ಜನ ಆ ಎರಡು ತಿಂಗಳು ಅಲ್ಲೇ ಇದ್ದರು. ಕೆಲಸ ಇಲ್ಲ, ಕೂಲಿ ಇಲ್ಲ, ಒಂದು ಖೋಲಿಯಲ್ಲಿ ಎಂಟು ಹತ್ತು ಜನ. ಕೆಲವರು ನಡೆದೇ ಹೊರಟರು. ಮೇ 8ರಂದು ಔರಂಗಾಬಾದ್ ಹತ್ತಿರ ಹಳಿಯ ಮೇಲೆ ಮಲಗಿದ್ದ 16 ಕೂಲಿಕಾರರ ಮೇಲೆ ಗೂಡ್ಸ್ ಗಾಡಿ ಹರಿಯಿತು. ಪ್ರಯಾಣಿಕರ ಗಾಡಿ ಇಲ್ಲ, ಹಾಗಾಗಿ ಹಳಿ ಖಾಲಿ ಇರುತ್ತದೆ ಎಂದು ಮಲಗಿದ್ದರು ಎಂಬ ಸುದ್ದಿ ಓದಿದ ದಿನ ನಾನು ಊಟ ಮಾಡಲಿಲ್ಲ.

ಕೂಲಿಕಾರರನ್ನು ಊರಿಗೆ ಕಳಿಸುವ ಶ್ರಮಿಕ್ ರೈಲುಗಳು ಮೇ 1ರಂದು ಶುರುವಾದವು. ಮೊದಲ ಗಾಡಿ ಹೊರಟದ್ದು ಹೈದರಾಬಾದ್ ಪಕ್ಕದ ಲಿಂಗಂಪಲ್ಲಿಯಿಂದ, ಜಾರ್ಖಂಡಿನ ಹಟಿಯಾಕ್ಕೆ. ಆಗಸ್ಟ್ ಕೊನೆಯವರೆಗೆ ಇಂಥ 4,600ಕ್ಕೂ ಹೆಚ್ಚು ಗಾಡಿಗಳು ಸುಮಾರು 63 ಲಕ್ಷ ಜನರನ್ನು ಊರು ಮುಟ್ಟಿಸಿದವು. ಇದು ಸಣ್ಣ ಕೆಲಸ ಅಲ್ಲವೇ ಅಲ್ಲ. ಮುಂಬೈ ಕಡೆಯಿಂದ ಕಲಬುರಗಿಗೂ ಇಂಥ ಗಾಡಿ ಬಂತು. ಬಂದವರನ್ನು ಬಸ್ಸಿನಲ್ಲಿ ತಾಲೂಕುಗಳಿಗೆ ಕರೆದೊಯ್ದು ಶಾಲೆ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಮಾಡಿದರು. ಆ ತಿಂಗಳಲ್ಲೇ ಯಾದಗಿರಿ, ಕಲಬುರಗಿ ಜಿಲ್ಲೆಗಳಲ್ಲಿ ಸೋಂಕಿನ ಲೆಕ್ಕ ಏಕದಂ ಏರಿತು. ದಿನಾ ಸಂಜೆಯ ಬುಲೆಟಿನ್‌ನಲ್ಲಿ "ಮಹಾರಾಷ್ಟ್ರದಿಂದ ವಾಪಸ್ ಬಂದವರು" ಎಂಬ ಸಾಲು. ಊರುಗಳಲ್ಲಿ ಅವರನ್ನೇ ದೂರಿದರು. ತಮ್ಮದೇ ಓಣಿಗೆ, ತಮ್ಮದೇ ಮನೆಗೆ ಬಂದವರನ್ನು ಜನ ಅನುಮಾನದಿಂದ ನೋಡಿದರು.

ನನಗೆ ಇದರಲ್ಲಿ ತಪ್ಪು ಕಾಣುವುದು ಅವರು ಬಂದದ್ದರಲ್ಲಿ ಅಲ್ಲ. ಅವರನ್ನು ತಡವಾಗಿ ಬಿಟ್ಟದ್ದರಲ್ಲಿ. ರೋಗ ಇನ್ನೂ ಕಡಿಮೆ ಇದ್ದ ಮಾರ್ಚ್‌ನಲ್ಲಿ ಹತ್ತು ದಿನ ಹೆಚ್ಚು ಗಾಡಿ ಓಡಿಸಿ, ಗುಳೆ ಹೋದವರನ್ನು ಊರಿಗೆ ಕಳಿಸಿ, ಆಮೇಲೆ ನಿಲ್ಲಿಸಿದ್ದರೆ ಅವರಲ್ಲಿ ಬಹುಪಾಲು ಜನ ರೋಗ ಅಂಟದೇ ಬರುತ್ತಿದ್ದರು. ರೋಗ ಹೆಚ್ಚಾಗುವ ಊರಿನಲ್ಲಿ ಜನರನ್ನು ಕೂಡಿಹಾಕಿ, ಅದು ಹಬ್ಬಿದ ಮೇಲೆ ಹಳ್ಳಿಗೆ ಕಳಿಸಿದರೆ ರೋಗವೂ ಜೊತೆಗೆ ಬರುತ್ತದೆ. ಅದೇ ಆಯಿತು.

ರೈಲು ರೋಗವನ್ನು ಹೊತ್ತು ತರುತ್ತದೆ ಎನ್ನುವುದು ಸುಳ್ಳಲ್ಲ. ನಮ್ಮ ದೇಶಕ್ಕೆ ಅದರ ನೆನಪು ಹಳೆಯದು. 1896ರಲ್ಲಿ ಮುಂಬೈಯಲ್ಲಿ ಪ್ಲೇಗ್ ಬಂದಾಗ ಬ್ರಿಟಿಷರು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ನಾಲ್ಕೇ ಸೆಕ್ಷನ್‌ಗಳ ಪುಟ್ಟ ಕಾಯ್ದೆ. ಅಷ್ಟು ಪುಟ್ಟ ಕಾಯ್ದೆಯಲ್ಲೂ ರೈಲಿನಲ್ಲಿ ಪ್ರಯಾಣಿಸುವವರನ್ನು ತಪಾಸಣೆ ಮಾಡುವ, ಅನುಮಾನ ಬಂದವರನ್ನು ಬೇರೆ ಇಡುವ ಅಧಿಕಾರವನ್ನು ಬಿಡಿಸಿ ಬರೆದಿದ್ದಾರೆ. 2020ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರಗಳು ಮೊದಲು ಕೈಗೆತ್ತಿಕೊಂಡದ್ದೂ ಅದೇ ಕಾಯ್ದೆಯನ್ನು. 1918ರ ಇನ್‌ಫ್ಲುಯೆಂಜಾ ಜೂನ್ ತಿಂಗಳಲ್ಲಿ ಮುಂಬೈ ಬಂದರಿನ ಕಡೆಯಿಂದ ಶುರುವಾಗಿ ರೈಲು ದಾರಿ ಹಿಡಿದು ಒಳನಾಡಿಗೆ ಹೋಯಿತು. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು.

ಹಾಗಾಗಿ "ಏನೂ ಆಗಲ್ಲ, ಗಾಡಿ ಓಡಿಸಿ" ಎಂದು ನಾನು ಹೇಳುತ್ತಿಲ್ಲ. ಹೇಗೆ ಓಡಿಸಬೇಕು ಎಂದು ಕೇಳುತ್ತಿದ್ದೇನೆ.

ಇದಕ್ಕೆ ಈಗ ಸ್ವಲ್ಪ ಗಟ್ಟಿ ಮಾಹಿತಿ ಇದೆ. ಚೀನಾದ ಹೈಸ್ಪೀಡ್ ರೈಲುಗಳಲ್ಲಿ 2019ರ ಡಿಸೆಂಬರ್‌ನಿಂದ 2020ರ ಮಾರ್ಚ್‌ವರೆಗೆ ಸೋಂಕಿತರ ಹತ್ತಿರ ಕೂತು ಪ್ರಯಾಣಿಸಿದ 72 ಸಾವಿರ ಜನರ ಲೆಕ್ಕ ತೆಗೆದು ಒಂದು ಅಧ್ಯಯನ ಮಾಡಿದ್ದಾರೆ. ಸೋಂಕಿತರ ಸುತ್ತಮುತ್ತ ಮೂರು ಸಾಲಿನೊಳಗೆ ಕೂತವರಲ್ಲಿ ರೋಗ ಅಂಟಿದ್ದು ಸರಾಸರಿ ಸಾವಿರಕ್ಕೆ ಮೂರು ಜನರಿಗೆ. ಪಕ್ಕದ ಸೀಟಿನಲ್ಲೇ ಕೂತವರಲ್ಲಿ ಅದು ನೂರಕ್ಕೆ 3.5. ಜೊತೆಯಲ್ಲಿ ಕೂತ ಗಂಟೆ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಸೋಂಕಿತರು ಎದ್ದು ಹೋದ ಸೀಟಿನಲ್ಲಿ ಆಮೇಲೆ ಬಂದು ಕೂತವರಿಗೆ ಅಂಟಿದ್ದು ತೀರಾ ಕಡಿಮೆ, ಹತ್ತು ಸಾವಿರಕ್ಕೆ ಏಳೆಂಟು ಜನರಿಗೆ.

ಅಲ್ಲಿಯ ರೈಲು ನಮ್ಮ ಜನರಲ್ ಡಬ್ಬಿಯ ಹಾಗಲ್ಲ, ನಿಜ. 90 ಸೀಟಿನ ನಮ್ಮ ಡಬ್ಬಿಯಲ್ಲಿ ಹಬ್ಬದ ದಿನ ಎಷ್ಟು ಜನ ಇರುತ್ತಾರೆ ಎಂದು ಎಣಿಸಲೂ ಆಗುವುದಿಲ್ಲ. ಆದರೂ ಈ ಲೆಕ್ಕ ಒಂದು ದಾರಿ ತೋರಿಸುತ್ತದೆ. ಅಪಾಯ ಇರುವುದು ಸೀಟಿನಲ್ಲಿ, ಕಂಬಿಯಲ್ಲಿ ಅಷ್ಟಾಗಿ ಅಲ್ಲ. ಭುಜಕ್ಕೆ ಭುಜ ತಾಗಿಸಿ ಗಂಟೆಗಟ್ಟಲೆ ಕೂರುವುದರಲ್ಲಿ, ಒಬ್ಬರ ಉಸಿರು ಇನ್ನೊಬ್ಬರಿಗೆ ಸಿಗುವುದರಲ್ಲಿ.

ಇದನ್ನು ಹಿಡಿದುಕೊಂಡು ಆಗ ಮಾಡಿದ ಕೆಲಸಗಳನ್ನು ನೋಡಿ. 2020ರ ಜುಲೈನಲ್ಲಿ ಕಪುರ್ತಲಾದ ರೈಲ್ ಕೋಚ್ ಫ್ಯಾಕ್ಟರಿ ಕೊರೊನಾ ಕಾಲಕ್ಕೆಂದೇ ಒಂದು ಹೊಸ ಕೋಚ್ ಮಾಡಿತು. ಕಾಲಿನಿಂದ ಒತ್ತುವ ನಲ್ಲಿ, ಕಾಲಿನಿಂದ ತೆರೆಯುವ ಶೌಚಾಲಯದ ಬಾಗಿಲು, ತಾಮ್ರದ ಲೇಪ ಇರುವ ಹಿಡಿಕೆ, ಗಾಳಿ ಶುದ್ಧ ಮಾಡುವ ಪ್ಲಾಸ್ಮಾ ಯಂತ್ರ. ಐದು ಸಾವಿರಕ್ಕೂ ಹೆಚ್ಚು ಹಳೇ ಕೋಚುಗಳ ನಡುವಿನ ಬರ್ತ್ ತೆಗೆದು, ಶೌಚಾಲಯವನ್ನು ಸ್ನಾನದ ಮನೆ ಮಾಡಿ, ಐಸೋಲೇಶನ್ ವಾರ್ಡ್ ಮಾಡಿದರು. ಅವುಗಳಲ್ಲಿ ಬಹಳಷ್ಟು ಬಳಕೆಗೇ ಬರಲಿಲ್ಲ. ಎಸಿ ಕೋಚಿನ ಕಂಬಳಿ, ಪರದೆ ತೆಗೆದರು. ಅವು 2022ರ ಮಾರ್ಚ್‌ವರೆಗೆ ವಾಪಸ್ ಬರಲಿಲ್ಲ. ಇವನ್ನೆಲ್ಲ ಮಾಡಿದವರ ಶ್ರಮದ ಬಗ್ಗೆ ನನಗೆ ಗೌರವ ಇದೆ. ಆ ತಿಂಗಳುಗಳಲ್ಲಿ ಯಾರಿಗೆ ಏನು ಗೊತ್ತಿತ್ತು? ಆದರೆ ಗಾಳಿಯಲ್ಲಿ ಹರಡುವ ರೋಗಕ್ಕೆ ನಮ್ಮ ಹತ್ತಿರ ಇದ್ದ ಸುಲಭ ಮದ್ದು ಕಿಟಕಿ. ಪ್ಯಾಸೆಂಜರ್ ಗಾಡಿಗೆ ಎರಡೂ ಕಡೆ ಕಿಟಕಿಗಳು, ಬಾಗಿಲು ಸದಾ ತೆರೆದೇ ಇರುತ್ತವೆ. ಕಲಬುರಗಿಯ ಬಿಸಿಲಿನಲ್ಲಿ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತದೆ, ಆದರೂ ಗಾಳಿ ಆಡುತ್ತದೆ. ಪ್ರಯಾಣ ಒಂದೆರಡು ಗಂಟೆಯದು. ಎಲ್ಲರೂ ಮಾಸ್ಕ್ ಹಾಕಿ, ಜನ ಚದುರಿ ಕೂತರೆ ಮುಚ್ಚಿದ ಕೋಚಿನ ಹದಿನೈದು ಗಂಟೆಯ ಪ್ರಯಾಣಕ್ಕಿಂತ ಇದು ಹೆಚ್ಚು ಅಪಾಯದ್ದು ಹೇಗಾಗುತ್ತದೆ?

ಜನ ಚದುರಿ ಕೂರಬೇಕು ಅಂದರೆ ಗಾಡಿ ಜಾಸ್ತಿ ಬೇಕು, ಡಬ್ಬಿ ಜಾಸ್ತಿ ಬೇಕು. ಇದು ಲೆಕ್ಕ ಗೊತ್ತಿರುವ ಯಾರಿಗಾದರೂ ಹೊಳೆಯುವ ಮಾತು. ನಾವು ಮಾಡಿದ್ದು ಉಲ್ಟಾ. ಗಾಡಿ ಕಡಿಮೆ ಮಾಡಿದೆವು. ಹೋಗಲೇಬೇಕಾದ ಜನ ಕಡಿಮೆ ಆಗಲಿಲ್ಲ. ಅವರು ಕ್ರೂಸರ್ ಜೀಪುಗಳಲ್ಲಿ, ಟಂಟಂಗಳಲ್ಲಿ, ಲಾರಿಯ ಹಿಂದೆ ತುಂಬಿಕೊಂಡು ಹೋದರು. ಒಂದು ಜೀಪಿನಲ್ಲಿ ಹದಿನಾರು ಹದಿನೆಂಟು ಜನ ಒತ್ತಿಕೊಂಡು ಹೋಗುವುದನ್ನು ನಾನೇ ನೋಡಿದ್ದೇನೆ. ಅಂಥ ಒತ್ತಡದಲ್ಲಿ ಮಾಸ್ಕ್ ಒಂದರಿಂದ ಸಿಗುವ ರಕ್ಷಣೆ ಅಷ್ಟಕ್ಕಷ್ಟೇ.

ಆ ಹೊತ್ತಿಗೆ ಗೂಡ್ಸ್ ಗಾಡಿಗಳು ಮಾತ್ರ ಚೆನ್ನಾಗಿ ಓಡಿದವು. ದೇಶದ ರೈಲ್ವೆ 2019–20ರಲ್ಲಿ ಸುಮಾರು 808 ಕೋಟಿ ಪ್ರಯಾಣಿಕರನ್ನು ಸಾಗಿಸಿತ್ತು. 2020–21ರಲ್ಲಿ ಅದು ಸುಮಾರು 125 ಕೋಟಿಗೆ ಇಳಿಯಿತು. ಅದೇ ವರ್ಷ ಸರಕು ಸಾಗಣೆ ಹಿಂದಿನ ವರ್ಷಕ್ಕಿಂತ ಹೆಚ್ಚಾಗಿ 123 ಕೋಟಿ ಟನ್ ದಾಟಿತು. ವಾಡಿ, ಸೇಡಂ ಕಡೆಯ ಸಿಮೆಂಟು ಹಳಿ ಮೇಲೆ ಹೋಗುತ್ತಲೇ ಇತ್ತು. 2021ರ ಮೇ 11ರಂದು ಟಾಟಾನಗರದಿಂದ 120 ಟನ್ ಆಕ್ಸಿಜನ್ ಹೊತ್ತು ಕರ್ನಾಟಕದ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ಬೆಂಗಳೂರಿನ ವೈಟ್‌ಫೀಲ್ಡ್ ತಲುಪಿತು. ಅಂದರೆ ರೈಲ್ವೆಗೆ ಕಷ್ಟಕಾಲದಲ್ಲಿ ಓಡಿಸುವ ಶಕ್ತಿ ಇದೆ, ಜನ ಇದ್ದಾರೆ, ಬುದ್ಧಿ ಇದೆ. ಯಾವುದನ್ನು ಮೊದಲು ಓಡಿಸಬೇಕು ಎಂಬ ತೀರ್ಮಾನದಲ್ಲಿ ಪ್ಯಾಸೆಂಜರ್ ಗಾಡಿಗೆ ಜಾಗ ಸಿಗಲಿಲ್ಲ, ಅಷ್ಟೇ.

ಓಡಿಸುವವರ ಜೀವದ ಮಾತನ್ನೂ ಇಲ್ಲೇ ಹೇಳುತ್ತೇನೆ. 2021ರ ಮೇ 10ರ ಹೊತ್ತಿಗೆ ಕೊರೊನಾದಿಂದ 1,952 ರೈಲ್ವೆ ನೌಕರರು ತೀರಿಕೊಂಡಿದ್ದರು ಎಂದು ರೈಲ್ವೆ ಮಂಡಳಿಯೇ ಹೇಳಿತು. ಲೋಕೋ ಪೈಲಟ್, ಗಾರ್ಡ್, ಗ್ಯಾಂಗ್‌ಮನ್, ಟಿಕೆಟ್ ಕೌಂಟರಿನವರು. ಗಾಡಿ ಓಡಬೇಕು ಎಂದು ಕೇಳುವ ನಮ್ಮಂಥವರು ಅದರ ಜೊತೆಗೇ ಇವರಿಗೆ ಮೊದಲ ದಿನದಿಂದ ಒಳ್ಳೆ ಮಾಸ್ಕ್, ಮೊದಲ ಸರದಿಯಲ್ಲಿ ಲಸಿಕೆ, ಪಾಳಿಯ ನಡುವೆ ಮಲಗಲು ಗಾಳಿ ಆಡುವ ರನ್ನಿಂಗ್ ರೂಮು ಕೇಳಬೇಕು. ಅದನ್ನು ಬಿಟ್ಟು ಬರೀ ಗಾಡಿ ಕೇಳುವುದು ಸರಿಯಲ್ಲ.

ಈಗ ದುಡ್ಡಿನ ವಿಷಯ. ಇದರ ಬಗ್ಗೆ ನಗರದ ಪತ್ರಿಕೆಗಳು ಬರೆದದ್ದು ಕಡಿಮೆ.

ಗಾಡಿಗಳು ಒಂದೊಂದಾಗಿ ವಾಪಸ್ ಬಂದಾಗ ಸ್ಪೆಷಲ್ ಎಂಬ ಹೆಸರಿನಲ್ಲಿ ಬಂದವು. ನಂಬರಿನ ಮುಂದೆ ಸೊನ್ನೆ. ಜನರಲ್ ಡಬ್ಬಿಗೂ ರಿಸರ್ವೇಶನ್ ಬೇಕಾಯಿತು. ರಿಸರ್ವೇಶನ್ ಟಿಕೆಟ್ ಇಲ್ಲದವರಿಗೆ ಸ್ಟೇಷನ್ ಒಳಗೇ ಬಿಡುತ್ತಿರಲಿಲ್ಲ. ಸ್ಮಾರ್ಟ್‌ಫೋನ್ ಇಲ್ಲದವರು ಟಿಕೆಟ್ ತೆಗೆಸಲು ಊರಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಅಲ್ಲೊಂದಿಷ್ಟು ಕೊಟ್ಟು ಬರಬೇಕು. ತಿಂಗಳ ಪಾಸ್ ನಡೆಯುತ್ತಿರಲಿಲ್ಲ. ಆಮೇಲೆ ಪ್ಯಾಸೆಂಜರ್ ಗಾಡಿಗಳು ಬಂದವು, ಆದರೆ ಎಕ್ಸ್‌ಪ್ರೆಸ್ ದರದಲ್ಲಿ. 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ಆಯಿತು. ಗಾಡಿ ಅದೇ, ಡಬ್ಬಿ ಅದೇ, ನಿಲ್ಲುವ ಸ್ಟೇಷನ್‌ಗಳೂ ಅವೇ. ಎಕ್ಸ್‌ಪ್ರೆಸ್ ಗಾಡಿಗಳಿಗೆ ಹಳೇ ನಂಬರು, ಹಳೇ ದರ 2021ರ ನವೆಂಬರಿನಲ್ಲೇ ವಾಪಸ್ ಸಿಕ್ಕಿತು. ಪ್ಯಾಸೆಂಜರ್ ಗಾಡಿಯ 10 ರೂಪಾಯಿ ಟಿಕೆಟ್ ವಾಪಸ್ ಬಂದದ್ದು 2024ರ ಫೆಬ್ರವರಿ ಕೊನೆಗೆ. ಎರಡು ವರ್ಷಕ್ಕೂ ಹೆಚ್ಚು ಅಂತರ.

ನಾಲವಾರ ಕಡೆಯಿಂದ ಸೊಪ್ಪು ತಂದು ನಮ್ಮ ಓಣಿಯಲ್ಲಿ ಮಾರುವ ಒಬ್ಬ ಕಾಕು ಇದ್ದಾರೆ. ರಾಜಗಿರಿ, ಪುಂಡಿ ಪಲ್ಯ, ಮೆಂತೆ. ಗಾಡಿ ನಿಂತ ಮೇಲೆ ಅವರು ಬರುವುದೂ ನಿಂತಿತು. ತಿಂಗಳುಗಟ್ಟಲೆ ಬಿಟ್ಟು ಒಂದು ದಿನ ಬಂದಾಗ "ಯಾಕ ಕಾಕು, ಬಸ್ಸಿಗೆ ಬರಬಹುದಿತ್ತಲ್ಲ" ಎಂದು ಕೇಳಿದೆ. "ಅಕ್ಕೋರೆ, ಬಸ್ಸಿನ್ಯಾಗ ನನಗೊಂದು ಟಿಕೆಟ್, ಗಂಟಿಗೊಂದು ಟಿಕೆಟ್. ಮಾರಿದ್ದೆಲ್ಲ ಅದಕ್ಕೇ ಹೋತಂದ್ರ ಮನಿಗಿ ಏನ್ ಒಯ್ಲಿ?" ಅಂದರು. ಮೂವತ್ತು ರೂಪಾಯಿ ನನಗೆ ದೊಡ್ಡದಲ್ಲ. ಒಂದು ಸಿವುಡು ಸೊಪ್ಪನ್ನು ಐದು ಹತ್ತು ರೂಪಾಯಿಗೆ ಮಾರುವವರಿಗೆ, ಹೋಗಿ ಬರುವ ಎರಡು ಟಿಕೆಟ್ಟಿನ ವ್ಯತ್ಯಾಸ ಎಂದರೆ ಅರ್ಧ ಗಂಟು ಖಾಲಿ ಆದ ಹಾಗೆ. ನನ್ನ ಕ್ಲಾಸಿನ ಕೆಲವು ಹುಡುಗಿಯರು ಆ ವರ್ಷ ಕಾಲೇಜು ತೆರೆದ ಮೇಲೂ ಬರಲಿಲ್ಲ. ಹುಡುಗರಿಗೆ ಬೈಕ್ ಸಿಕ್ಕಿತು. ಹುಡುಗಿಯರಿಗೆ ಗಾಡಿ ಇಲ್ಲ, ಜೀಪಿಗೆ ಕಳಿಸಲು ಮನೆಯವರಿಗೆ ಧೈರ್ಯ ಇಲ್ಲ. ಇಬ್ಬರ ಮದುವೆಯೇ ಆಗಿಹೋಯಿತು. ರೋಗದ ಲೆಕ್ಕದಲ್ಲಿ ಇವೆಲ್ಲ ಯಾವ ಬುಲೆಟಿನ್‌ಗೂ ಬರುವುದಿಲ್ಲ.

ಹಿರಿಯ ನಾಗರಿಕರ ರಿಯಾಯಿತಿ ಇನ್ನೊಂದು. ಗಂಡಸರಿಗೆ 60 ವರ್ಷಕ್ಕೆ ನೂರಕ್ಕೆ 40, ಹೆಂಗಸರಿಗೆ 58ಕ್ಕೆ ನೂರಕ್ಕೆ 50 ಇತ್ತು. 2020ರ ಮಾರ್ಚ್ 20ರಿಂದ ಅದನ್ನು ನಿಲ್ಲಿಸಿದರು. ವಯಸ್ಸಾದವರು ರೋಗದ ಕಾಲದಲ್ಲಿ ಸುಮ್ನೆ ಓಡಾಡದಿರಲಿ ಎಂಬ ಕಾರಣ ಆಗ ಒಪ್ಪುವಂಥದ್ದೇ. ರೋಗ ಹೋದರೂ ರಿಯಾಯಿತಿ ವಾಪಸ್ ಬರಲಿಲ್ಲ. ಸಾಂಕ್ರಾಮಿಕದ ಹೆಸರಿನಲ್ಲಿ ತೆಗೆದದ್ದನ್ನು ಸಾಂಕ್ರಾಮಿಕ ಮುಗಿದ ದಿನ ವಾಪಸ್ ಕೊಡಬೇಕು. ಇದನ್ನು ಮೊದಲೇ ಬರೆದು ಇಡದಿದ್ದರೆ ಮುಂದಿನ ಸಲವೂ ಕಳೆದುಕೊಳ್ಳುತ್ತೇವೆ.

ಎರಡನೇ ಅಲೆಯನ್ನು ನೆನೆಸಿಕೊಂಡರೆ ನನ್ನ ಮಾತಿಗೆ ಬಲ ಬರುತ್ತದೆ. 2021ರ ಏಪ್ರಿಲ್, ಮೇ ತಿಂಗಳು 2020ಕ್ಕಿಂತ ಎಷ್ಟೋ ಪಾಲು ಭೀಕರ. ಮನೆಗೊಬ್ಬರಂತೆ ಹೋದರು. ಆದರೂ ಆಗ ದೇಶದ ರೈಲು ಪೂರ್ತಿ ನಿಲ್ಲಲಿಲ್ಲ. ಮಾಸ್ಕ್ ಇಲ್ಲದವರಿಗೆ 500 ರೂಪಾಯಿ ದಂಡ ಎಂದರು. ಮಹಾರಾಷ್ಟ್ರದಿಂದ ಬರುವವರು ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ತೋರಿಸಬೇಕು ಎಂದು ನಮ್ಮ ರಾಜ್ಯ ಹೇಳಿತು. ಹೆಚ್ಚು ರೋಗ ಇದ್ದಾಗ ಓಡಿಸಿದ್ದನ್ನು ಕಡಿಮೆ ರೋಗ ಇದ್ದಾಗ ಓಡಿಸಲು ಆಗುತ್ತಿರಲಿಲ್ಲವೇ?

ಈಗ ನಮ್ಮ ಕಡೆ ಹೊಸ ಗಾಡಿಗಳು ಬಂದಿವೆ. 2024ರ ಮಾರ್ಚ್ 12ರಂದು ಕಲಬುರಗಿ–ಬೆಂಗಳೂರು ವಂದೇ ಭಾರತ್ ಶುರುವಾಯಿತು. ನಮ್ಮ ಊರಿನಿಂದಲೇ ಹೊರಡುವ ಗಾಡಿಗಾಗಿ ಎಷ್ಟೋ ವರ್ಷ ಕೇಳಿದ ನಮಗೆ ಅದು ದೊಡ್ಡ ಖುಷಿ. 2022ರ ನಂತರದ ವಂದೇ ಭಾರತ್ ಗಾಡಿಗಳ ಎಸಿಯಲ್ಲಿ ನೇರಳಾತೀತ ಬೆಳಕಿನಿಂದ ಗಾಳಿ ಶುದ್ಧ ಮಾಡುವ ವ್ಯವಸ್ಥೆ ಇದೆ. ಚಂಡೀಗಡದ ಸಿಎಸ್‌ಐಒ ಎಂಬ ಸಂಶೋಧನಾ ಸಂಸ್ಥೆಯ ಸಲಹೆಯಂತೆ ಮಾಡಿದ್ದು. ಕೊರೊನಾ ಕಲಿಸಿದ ಪಾಠ ಕೋಚಿನ ಒಳಗೆ ಹೋಗಿ ಉಳಿದದ್ದಕ್ಕೆ ಇದು ಒಳ್ಳೆ ಉದಾಹರಣೆ. ಆದರೆ ಈ ಗಾಡಿಗೆ ಜನರಲ್ ಡಬ್ಬಿ ಇಲ್ಲ. ಪಾಠ ಕಲಿತದ್ದರ ಲಾಭ ಮೊದಲು ಸಿಕ್ಕಿದ್ದು ಹೆಚ್ಚು ದುಡ್ಡು ಕೊಡುವವರಿಗೆ. ಜನರಲ್ ಡಬ್ಬಿಗೆ ನೇರಳಾತೀತ ಬೆಳಕು ಬೇಕಿಲ್ಲ. ಇನ್ನೆರಡು ಡಬ್ಬಿ ಸೇರಿಸಿದರೆ, ಚಾವಣಿಯ ಫ್ಯಾನ್ ತಿರುಗಿದರೆ, ತುಕ್ಕು ಹಿಡಿದ ಕಿಟಕಿ ಮೇಲೆ ಸರಿದರೆ ಸಾಕು.

ಒಂದು ತೊಡಕು ನಮ್ಮ ಭಾಗಕ್ಕೇ ಸೇರಿದ್ದು. ಕಲಬುರಗಿ ಸ್ಟೇಷನ್ ರೈಲ್ವೆಯ ಸೊಲ್ಲಾಪುರ ವಿಭಾಗದ್ದು. ಯಾದಗಿರಿ ಕೊರೊನಾ ಕಾಲದಲ್ಲಿ ಗುಂತಕಲ್ ವಿಭಾಗದ್ದಾಗಿತ್ತು. ಬೀದರ್ ಸಿಕಂದರಾಬಾದ್ ವಿಭಾಗದ್ದು. ನನ್ನ 75 ಕಿಲೋಮೀಟರ್ ಅಪ್‌ಡೌನ್‌ಗೆ ಎರಡು ವಿಭಾಗಗಳ ಅಧಿಕಾರಿಗಳು ಒಪ್ಪಬೇಕು. ಆಗ ಆ ಕಚೇರಿಗಳಲ್ಲಿ ಒಂದು ಮಹಾರಾಷ್ಟ್ರದಲ್ಲಿ, ಇನ್ನೊಂದು ಆಂಧ್ರದಲ್ಲಿ ಇತ್ತು. ರೋಗದ ಕಾಲದಲ್ಲಿ ಯಾವ ಊರಿನಲ್ಲಿ ಎಷ್ಟು ಜನಕ್ಕೆ ರೋಗ ಇದೆ, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಇದೆ, ಯಾವ ತಾಂಡಾಕ್ಕೆ ಎಷ್ಟು ಜನ ವಾಪಸ್ ಬರುತ್ತಿದ್ದಾರೆ ಎಂಬುದು ಗೊತ್ತಿರುವುದು ನಮ್ಮ ಜಿಲ್ಲಾಧಿಕಾರಿ ಕಚೇರಿಗಳಿಗೆ. ಗಾಡಿ ಬಿಡುವ ತೀರ್ಮಾನ ಆಗುವುದು ಬೇರೆಲ್ಲೋ. ಕಲಬುರಗಿಗೆ ಪ್ರತ್ಯೇಕ ವಿಭಾಗ ಎಂದು 2014ರಲ್ಲಿ, ನಮ್ಮ ಊರಿನ ಮಲ್ಲಿಕಾರ್ಜುನ ಖರ್ಗೆ ಅವರು ರೈಲ್ವೆ ಸಚಿವರಾಗಿದ್ದಾಗ ಘೋಷಣೆ ಆಗಿತ್ತು. ಅದು ಕೆಲಸಕ್ಕೆ ಬರಲಿಲ್ಲ. ಇದನ್ನು ಊರಿನ ಹೆಮ್ಮೆಯ ವಿಷಯ ಎಂದು ಮಾತ್ರ ನೋಡುವವರಿದ್ದಾರೆ. ನನಗೆ ಅದಕ್ಕಿಂತ ಹೆಚ್ಚಾಗಿ ಇದು ಕಷ್ಟಕಾಲದಲ್ಲಿ ಬೇಗ ತೀರ್ಮಾನ ತೆಗೆದುಕೊಳ್ಳುವ ಅನುಕೂಲದ ಮಾತು.

ನಾವು ಅಪ್‌ಡೌನ್ ಮಾಡುವ ಕೆಲವು ಹೆಣ್ಣುಮಕ್ಕಳು ಸೇರಿ ಒಂದು ಮನವಿ ಬರೆಯುತ್ತಿದ್ದೇವೆ. ಸೊಲ್ಲಾಪುರ, ಗುಂತಕಲ್, ಸಿಕಂದರಾಬಾದ್ ಮೂರೂ ಕಡೆಯ ವಿಭಾಗೀಯ ರೈಲು ಬಳಕೆದಾರರ ಸಮಿತಿಗಳಿಗೆ, ನಮ್ಮ ಮೂರು ಜಿಲ್ಲಾಡಳಿತಗಳಿಗೆ ಕಳಿಸುವುದಕ್ಕೆ. ಮುಂದಿನ ಸಾಂಕ್ರಾಮಿಕ ಬಂದರೆ ಏನೇ ಆದರೂ ನಿಲ್ಲಿಸಬಾರದ ಗಾಡಿಗಳ ಪಟ್ಟಿಯನ್ನು ಈಗಲೇ ಮಾಡಿ ಎಂದು ಅದರಲ್ಲಿ ಕೇಳಿದ್ದೇವೆ. ಬೆಳಗ್ಗೆ ಒಂದು, ಸಂಜೆ ಒಂದು, ಹೆಚ್ಚು ಡಬ್ಬಿಯ ಪ್ಯಾಸೆಂಜರ್, ಹಳೇ ದರದಲ್ಲಿ. ನರ್ಸ್‌ಗಳು, ಆಸ್ಪತ್ರೆಗೆ ಹೋಗುವವರು, ತರಕಾರಿಯವರು ಮೊದಲು ಹತ್ತುವಂತೆ. ಗುಳೆ ಹೋದವರಿಗೆ ಗಾಡಿ ನಿಲ್ಲಿಸುವ ಮುಂಚೆ ಊರು ಮುಟ್ಟಲು ಕನಿಷ್ಠ ಹತ್ತು ದಿನ. ಕಲಬುರಗಿ, ವಾಡಿ, ಯಾದಗಿರಿ, ಬೀದರ್ ಸ್ಟೇಷನ್‌ಗಳಲ್ಲಿ ಇಳಿದವರ ತಪಾಸಣೆಗೆ ಜಾಗ, ಕುಡಿಯುವ ನೀರು, ನೆರಳು, ಊಟ. ಕರಡು ಬರೆದವರಲ್ಲಿ ಒಬ್ಬರು ನರ್ಸ್. ತಿಂಗಳ ಪಾಸ್ ನಡೆಯಬೇಕು ಎಂಬ ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕಿ ಎಂದು ಅವರು ಹಟ ಹಿಡಿದಿದ್ದಾರೆ. ಗುಳೆಯ ಸಾಲು ಮೇಲಿರಬೇಕು ಎಂಬುದು ನನ್ನ ಹಟ. ಅದಿನ್ನೂ ಬಗೆಹರಿದಿಲ್ಲ.